ಎರಡು ಜೋಡಿ ಪೆಟ್ಟಿಗೆ, ಒಂದು ಜೋಡಿ ಕಿವಿ

ಈ ಕಸುಬಿಗೆ ಹೊಸದಾಗಿ ಬರುವವರು ನನ್ನನ್ನು ಹುಡುಕಿಕೊಂಡು ಬಂದಾಗ ಕೇಳುವ ಮೊದಲ ಪ್ರಶ್ನೆ ಒಂದೇ: ‘ಅಜ್ಜಾರ, ಹಳೇ ಕಾಲದ ದೊಡ್ಡ ಸ್ಪೀಕರ್‌ನ್ಯಾಗ ಯಾವುದು ಛಲೋ?’ ನಾನು ಉತ್ತರ ಕೊಡುವುದಿಲ್ಲ. ‘ಯಾರ ಮನ್ಯಾಗ?’ ಎಂದು ತಿರುಗಿ ಕೇಳುತ್ತೇನೆ. ಮುದುಕನಿಗೆ ಅರಳುಮರಳು ಅಂದುಕೊಂಡು ಕೆಲವರು ಚಹಾ ಕುಡಿದು ಎದ್ದು ಹೋಗುತ್ತಾರೆ. ಹೋದವರು ಹೋಗಲಿ. ಕುಳಿತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಪರಸಪ್ಪ. ಎಪ್ಪತ್ತರ ದಶಕ ಪೂರ್ತಿ ಬೈಲಹೊಂಗಲದ ಬಜಾರದಲ್ಲಿ ಗುರುಸಿದ್ಧಪ್ಪ ಮಾಸ್ತರರ ರೇಡಿಯೋ ದುರಸ್ತಿ ಅಂಗಡಿಯಲ್ಲಿ ಕೂತು ಎದ್ದವನು. ಆಮೇಲೆ ನನ್ನದೇ ಅಂಗಡಿ ಆಯಿತು, ಬೋರ್ಡು ಬಂತು, ಅದೆಲ್ಲ ಇಲ್ಲಿ ಬೇಡ. ಮಾಸ್ತರರು ಯಾವ ಸಾಲಿಯಲ್ಲೂ ಕಲಿಸಿದವರಲ್ಲ. ನಾಟಕ ಕಂಪನಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದರು, ಕಂಪನಿ ಮುಚ್ಚಿದ ಮೇಲೆ ಬೆಸುಗೆ ಕಡ್ಡಿ ಹಿಡಿದರು. ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ನಮ್ಮ ಓಣಿಯ ಹುಡುಗರನ್ನು ಬಜಾರದ ಅಂಗಡಿಗಳು ಕಟ್ಟೆಯ ಕೆಳಗೇ ನಿಲ್ಲಿಸುತ್ತಿದ್ದ ಕಾಲದಲ್ಲಿ ಅವರು ನನ್ನನ್ನು ಒಳಗೆ ಕರೆದು ತಮ್ಮ ಪಕ್ಕದ ಸ್ಟೂಲು ತೋರಿಸಿ ‘ಕುಂಡರು’ ಅಂದರು. ನಾನು ನಿಂತೇ ಇದ್ದೆ. ‘ಕಿವಿ ಇಲ್ಲೇನು? ರೇಡಿಯೋ ದುರಸ್ತಿ ಮಾಡಾಕ ಬಂದಾಂವಗ ಕಿವಿ ಇರದಿದ್ರ ಹೆಂಗೋ?’ ಎಂದು ಗದರಿದರು. ಆ ಗದರಿಕೆಯ ಋಣದಲ್ಲಿ ನಾನು ಇಂದಿಗೂ ಇದ್ದೇನೆ.

ಆಗ ನಮ್ಮ ಭಾಗದ ಹತ್ತಿ ವ್ಯಾಪಾರಿಗಳು, ವಕೀಲರು, ಡಾಕ್ಟರರು ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಇಡತೊಡಗಿದ್ದರು. ಅದರ ಜೊತೆಗೆ ನೆಲದ ಮೇಲೆ ನಿಲ್ಲುವ, ಸೊಂಟದೆತ್ತರದ ಒಂದು ಜೋಡಿ ಸ್ಪೀಕರ್ ಪೆಟ್ಟಿಗೆ. ಜನ ಅದಕ್ಕೆ ‘ನಿಂತ ಪೆಟಗಿ’ ಅನ್ನುತ್ತಿದ್ದರು. ಕೆಲವು ಮುಂಬೈಯಲ್ಲಿ ಯಾರೋ ವಾಪರಿಸಿ ಬಿಟ್ಟ ವಿಲಾಯತಿ ಮಾಲು, ಕೆಲವು ನಮ್ಮ ಬಡಿಗೇರರೇ ಕೂಡಿಸಿದ್ದು. ಕೊಳ್ಳುವ ಮೊದಲು ಎರಡು ಜೋಡಿ ತರಿಸಿ, ಒಂದೇ ಹಾಡಿನ ತಟ್ಟೆಯನ್ನು ಎರಡರಲ್ಲೂ ಹಾಕಿ, ಯಾವುದು ಮನೆಗೆ ಒಪ್ಪುತ್ತದೆ ನೋಡುವುದು ರೂಢಿ. ‘ಪೆಟಗಿ ತಾಳಿ ನೋಡಾಕ ಬರ್ರಿ’ ಎಂದು ಅಂಗಡಿಗೆ ಕರೆ ಬರುತ್ತಿತ್ತು. ಮೊದಲು ಮಾಸ್ತರರೇ ಹೋಗುತ್ತಿದ್ದರು. ಅವರಿಗೆ ಮೊಣಕಾಲು ನೋವು ಶುರುವಾದ ಮೇಲೆ ನನ್ನನ್ನು ಕಳಿಸತೊಡಗಿದರು.

ನನ್ನ ಮೊದಲ ತಾಳೆಯೇ ಎಡವಟ್ಟು. ಸವದತ್ತಿಯ ಒಬ್ಬ ಹೆಡ್‌ಮಾಸ್ತರರ ಮನೆ. ಎರಡು ಜೋಡಿ ಪೆಟ್ಟಿಗೆ ಇಟ್ಟೆ. ಒಂದು ಜೋಡಿಗೆ ದನಿ ಜೋರು, ಇನ್ನೊಂದು ಸೌಮ್ಯ. ಜೋರಿನದನ್ನು ಹಚ್ಚಿದ ಕೂಡಲೇ ಮನೆಮಂದಿಯೆಲ್ಲ ‘ಭಾರಿ ಐತ್ರಿ!’ ಅಂದರು. ನಾನೂ ಅಂದೆ. ಹದಿನೈದು ದಿನಕ್ಕೆ ಹೆಡ್‌ಮಾಸ್ತರರು ತಲೆಗೆ ವಸ್ತ್ರ ಕಟ್ಟಿಕೊಂಡು ಬಸ್ಸಿನಿಂದ ಇಳಿದು ಅಂಗಡಿಗೆ ಬಂದರು. ‘ಏನ ಹಾಡ ಹಚ್ಚಿದ್ರೂ ತಲಿ ಸಿಡಿತೈತ್ರಿ, ಮನ್ಯಾಕಿ ಅಂತೂ ತವರಮನಿಗೆ ಹೋಕ್ಕೇನಿ ಅನ್ನಾಕತ್ತಾಳ.’ ಮಾಸ್ತರರು ಅವರ ಮುಂದೆ ನಕ್ಕು ಸಮಾಧಾನ ಮಾಡಿ ಕಳಿಸಿದರು. ಹೆಡ್‌ಮಾಸ್ತರರು ಮೂಲೆ ದಾಟಿದ ಕೂಡಲೇ ನನ್ನ ಕಡೆ ತಿರುಗಿದರು.

‘ಲೇ ಶಾಣ್ಯಾ, ಇಬ್ಬರೂ ಒಂದ ಎತ್ತರಕ್ಕ ಮಾತಾಡಬೇಕು, ಆಮ್ಯಾಲ ಯಾರ ಮಾತ ಛಲೋ ಅಂತ ಹೇಳಬೇಕು. ಒಬ್ಬಾಂವ ಒದರಾಕತ್ತಾನ, ಒಬ್ಬಾಂವ ಮೆಲ್ಲಗ ಹೇಳಾಕತ್ತಾನ. ನೀ ಒದರಾಂವಗ ನಂಬರ ಕೊಟ್ಟ ಬಂದೀಯಲ್ಲೋ!’

ಅಂದಿನಿಂದ ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡೆ. ಯಾವ ಪೆಟ್ಟಿಗೆಗೆ ಗುಂಡಿ ಎಷ್ಟು ತಿರುಗಿಸಿದರೆ ಎರಡರ ದನಿ ಒಂದೇ ಆಗುತ್ತದೆಂದು ಮೊದಲು ಗುರುತು ಹಾಕಿ, ಆಮೇಲೆ ತಾಳೆ. ಈಗ ಅಳೆಯುವುದಕ್ಕೆ ಯಂತ್ರಗಳಿವೆ. ಇದ್ದರೂ ಎಷ್ಟೋ ಜನ ಈ ಒಂದು ಕೆಲಸ ಬಿಟ್ಟೇ ತೀರ್ಪು ಕೊಡುತ್ತಾರೆ.

ಕಿತ್ತೂರಿನ ವಕೀಲರ ಮನೆಯದು ಇನ್ನೊಂದು ತರಹ. ಸುಗ್ಗಿ ಮುಗಿದ ಹೊಸದರಲ್ಲಿ ಇಟ್ಟುಬಂದ ಪೆಟ್ಟಿಗೆಗಳು ಸುಖವಾಗಿ ಹಾಡುತ್ತಿದ್ದವು. ಮಳೆಗಾಲ ಹತ್ತಿರ ಬರುವಷ್ಟರಲ್ಲಿ ‘ಗುಂಯ್’ ಅನ್ನತೊಡಗಿದವು. ಮೂರು ಸಲ ಹೋದೆ. ತಂತಿ ಬದಲಿಸಿದೆ, ವಾಲ್ವು ಬದಲಿಸಿದೆ, ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿ ಮತ್ತೆ ಕೂಡಿಸಿದೆ. ಏನೂ ಉಪಯೋಗವಿಲ್ಲ. ಮೂರನೆಯ ಸಲ ನಾನು ಬೆವರು ಒರೆಸಿಕೊಳ್ಳುವಾಗ ಕಾಳು ಹಸನು ಮಾಡುತ್ತ ಕೂತಿದ್ದ ವಕೀಲರ ತಾಯಿ ತಲೆ ಎತ್ತದೆ ಹೇಳಿದರು: ‘ಹಗೇವನ್ಯಾಗಿನ ಜ್ವಾಳಾ ತೀರಿದಾಗಿಂದ ಅದು ಹಂಗ ಅನ್ನಾಕತ್ತೈತಿ ನೋಡಪಾ.’

ನಾನು ಹೌಹಾರಿದೆ. ಎಡಗಡೆಯ ಪೆಟ್ಟಿಗೆ ನಿಂತಿದ್ದ ಪರಸಿಕಲ್ಲಿನ ಕೆಳಗೇ ಜೋಳ ತುಂಬಿಡುವ ಹಗೇವು ಇತ್ತು. ತುಂಬಿದ್ದಾಗ ನೆಲ ಗಟ್ಟಿ, ಬರಿದಾದಾಗ ಆ ಗುಳಿಯೇ ದೊಡ್ಡ ಗಡಿಗೆ. ಪೆಟ್ಟಿಗೆಯನ್ನು ನಾಲ್ಕು ಮೊಳ ಆಚೆ ಸರಿಸಿದೆ, ಗುಂಯ್ ನಿಂತಿತು. ಮೂರು ಸಲದ ಬಸ್ಸು, ಅಷ್ಟು ವಾಲ್ವು, ಎಲ್ಲ ಸುಮ್ಮಸುಮ್ಮನೆ. ಅಜ್ಜಿಗೆ ಕೈ ಮುಗಿದೆ. ‘ಮೊದಲ ಸಲಾನ ಹೇಳಬಾರದಿತ್ತೇನ್ರಿ ಅಜ್ಜಿ?’ ಅಂದರೆ, ‘ನೀ ಎಲ್ಲಿ ಕೇಳಿದಿ? ಬಂದಾಂವನ ಪೆಟಗಿ ಬಿಚ್ಚಾಕ ಕುಂತಿ’ ಎಂದು ಮೊರ ಝಾಡಿಸಿದರು. ಹೊಸ ಮನೆಗೆ ಹೋದರೆ ನಾನು ಇಂದಿಗೂ ಮೊದಲು ಮಾತಾಡಿಸುವುದು ಆ ಮನೆಯ ಹಿರಿಯ ಹೆಂಗಸರನ್ನು.

ಪೆಟ್ಟಿಗೆಯೊಳಗೆ ಹತ್ತಿ ತುಂಬುವ ವಿದ್ಯೆಯನ್ನೂ ನಾವು ಹೀಗೆ ತಪ್ಪಿನಿಂದಲೇ ಕಲಿತೆವು. ಒಳಗೆ ದನಿ ತಿರುಗಿ ಗದ್ದಲ ಮಾಡದಿರಲಿ ಎಂದು ಹತ್ತಿಯ ಹಾಸು ಹಚ್ಚಬೇಕು. ಬೈಲಹೊಂಗಲದಲ್ಲಿ ಹತ್ತಿಗೆ ಬರವೇ? ಸಂಪಗಾಂವದ ಒಬ್ಬ ಗೌಡರಿಗೆ ಜಿನ್ನಿಗೆ ಹಾಕದ, ಬೀಜ ಸಮೇತದ ಹತ್ತಿಯನ್ನೇ ತುಂಬಿ ಕೊಟ್ಟೆ. ಮೂರು ತಿಂಗಳಿಗೆ ಕರೆ ಬಂತು. ಹಿಂದಿನ ಹಲಗೆ ಬಿಚ್ಚಿದರೆ ಇಲಿ ಬಾಣಂತಿ! ಗೌಡರು ‘ಒಂದ ಸ್ಪೀಕರ ತಂದಿದ್ದೆ, ಎಂಟ ಆದುವಲ್ಲೋ’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಗದಿದ್ದರೆ ನಾನು ಅಂದೇ ಕಸುಬು ಬಿಡುತ್ತಿದ್ದೆ.

ಇಷ್ಟೆಲ್ಲ ಆದ ಮೇಲೆ ನನಗೊಂದು ಹೆಸರು ಬಂತು. ಪರಸುವಿನ ಕಿವಿ ಅಂದರೆ ಕಿವಿ ಎಂದು ನಾಲ್ಕು ತಾಲೂಕಿನಲ್ಲಿ ಹೇಳತೊಡಗಿದರು. ಆ ಮಾತು ನನ್ನ ತಲೆಗೂ ಏರಿತು. ಈಗ ಹೇಳುವ ಸಂಗತಿ ನಡೆದದ್ದು ಆ ಸೊಕ್ಕಿನ ದಿನಗಳಲ್ಲಿ.

ಸಿರಸಂಗಿಯಲ್ಲಿ ಮೌನೇಶಪ್ಪ ಎಂಬ ಬಡಿಗೇರರಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಮಾತು ಕಡಿಮೆ. ರಂಟೆ, ಕೂರಿಗೆ, ಚಕ್ಕಡಿ ಮಾಡಿ ಬದುಕಿದ ಮನೆತನ. ಕಬ್ಬಿಣದ ನೇಗಿಲು, ರಬ್ಬರ್ ಗಾಲಿಯ ಗಾಡಿ ಬಂದ ಮೇಲೆ ಅವರ ಕೆಲಸದ ಕೊಟ್ಟಿಗೆಗೆ ಬರುವ ಮಂದಿ ಕಡಿಮೆಯಾದರು. ಒಮ್ಮೆ ನಮ್ಮ ಅಂಗಡಿಯಲ್ಲಿ ಬಿಚ್ಚಿಟ್ಟ ವಿಲಾಯತಿ ಪೆಟ್ಟಿಗೆಯನ್ನು ಕಂಡು, ಅದರ ಮೂಲೆಗಳ ಮೇಲೆ ಕೈಯಾಡಿಸಿ, ‘ಇದನ್ನ ನಾ ಮಾಡತೇನಿ’ ಅಂದರು. ಅಷ್ಟೇ ಮಾತು. ಮಾಸ್ತರರು ನಕಾಶೆ ಬರೆದುಕೊಟ್ಟರು. ಮೌನೇಶಪ್ಪ ಕಿತ್ತೂರಿನಲ್ಲಿ ಯಾರೋ ಕೆಡವಿದ ಹಳೆ ಮನೆಯ ಸಾಗವಾನಿ ಹಲಗೆ ತಂದು ಐದು ತಿಂಗಳು ಕೂತರು.

ಒಳಗಿನ ಸ್ಪೀಕರ್‌ಗಳನ್ನು ಕೊಟ್ಟು, ತಂತಿ ಹೇಗೆ ಜೋಡಿಸಬೇಕು ಎಂದು ತೋರಿಸಿ ಬರಲು ನಾನೇ ಸಿರಸಂಗಿಗೆ ಹೋಗಿದ್ದೆ. ಅಂಗಳದಲ್ಲಿ ಅವರ ತಾಯಿ ಕಾಳವ್ವ ಕೂತಿದ್ದಳು. ನೀರು ಕೇಳಿದೆ. ‘ಬೈಲಹೊಂಗಲದಾಗ ಯಾವ ಓಣಿಯಪ್ಪಾ?’ ಅಂದಳು. ಹೇಳಿದೆ. ತಂಬಿಗೆ ಕೈಗೆ ಕೊಡಲಿಲ್ಲ, ಬೊಗಸೆ ಹಿಡಿಯಲು ಹೇಳಿ ಮೇಲಿನಿಂದ ನೀರು ಹಾಕಿದಳು. ಅದು ಆಗ ಎಲ್ಲೆಲ್ಲೂ ಇದ್ದದ್ದೇ, ಆಕೆಯೊಬ್ಬಳ ಮೇಲೆ ದೂರು ಹೊರಿಸುವುದಿಲ್ಲ. ಆದರೂ ಅಂದು ಅರ್ಧ ನೀರಿಗೇ ಸಾಕೆಂದು ಕೈ ಒರೆಸಿಕೊಂಡೆ.

ಈಗ ಸ್ವಲ್ಪ ಕಸುಬಿನ ಮಾತು. ಪ್ರತಿ ಪೆಟ್ಟಿಗೆಯ ಹಿಂದೆ ಹಿತ್ತಾಳೆಯ ಎರಡು ತಿರುಪು ಇರುತ್ತವೆ, ಒಂದು ಪ್ಲಸ್, ಒಂದು ಮೈನಸ್. ಎರಡೂ ಪೆಟ್ಟಿಗೆಗೆ ಒಂದೇ ರೀತಿ ತಂತಿ ಕೊಡಬೇಕು. ಒಂದರಲ್ಲಿ ಉಲ್ಟಾ ಆದರೆ, ಒಂದು ಗಾಳಿಯನ್ನು ಮುಂದೆ ನೂಕುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಇಬ್ಬರ ಜಗಳದಲ್ಲಿ ದಪ್ಪ ದನಿಯೆಲ್ಲ ಮಾಯ. ಅದಕ್ಕೇ ನಮ್ಮ ಅಂಗಡಿಯಲ್ಲಿ ಪ್ಲಸ್ ತಿರುಪಿನ ಪಕ್ಕ ಕೆಂಪು ಅರಗಿನ ಒಂದು ಹನಿ ಬಿಡುವುದು ಪದ್ಧತಿ. ‘ಪ್ಲಸ್‌ಗೆ ಕೆಂಪ ಗುರುತ ಮಾಡ್ರಿ ಮೌನೇಶಣ್ಣ’ ಎಂದು ಹೇಳಿ ಬಂದಿದ್ದೆ.

ಕೊಳ್ಳುವವರು ರಾಮದುರ್ಗದ ನೂಲಿನ ವ್ಯಾಪಾರಿ ಈರಪ್ಪಣ್ಣ. ಅವರ ಹೆಂಡತಿ ಸುಶೀಲಾ ವೈನಿ ಮದುವೆಗೆ ಮೊದಲು ಹಾಡಿಕೆ ಕಲಿತವರು. ಮನೆಗೆ ಪೆಟ್ಟಿಗೆ ತರುತ್ತಿದ್ದುದೇ ಅವರಿಗಾಗಿ. ಈರಪ್ಪಣ್ಣ ತಾವೇ ಮುಂಬೈಗೆ ಹೋಗಿ ಒಂದು ಜೋಡಿ ಹಳೆಯ ವಿಲಾಯತಿ ಪೆಟ್ಟಿಗೆ ಆರಿಸಿ ತಂದಿದ್ದರು, ಒಪ್ಪದಿದ್ದರೆ ವಾಪಸು ಕೊಡುವ ಮಾತಿನ ಮೇಲೆ. ಅದಕ್ಕೂ ಮೌನೇಶಪ್ಪನವರ ಜೋಡಿಗೂ ತಾಳೆ. ಇದು ಒಪ್ಪಿಗೆಯಾದರೆ ಈರಪ್ಪಣ್ಣನ ಬೀಗರ ಪೈಕಿ ಇನ್ನೂ ಇಬ್ಬರು ಮಾಡಿಸುವವರಿದ್ದರು, ಮೌನೇಶಪ್ಪನವರ ಕೈಗೆ ವರ್ಷದ ಕೆಲಸ. ಆಗದಿದ್ದರೆ ಹುಬ್ಬಳ್ಳಿಯಲ್ಲಿ ಕಟ್ಟಿಗೆ ಕೊಯ್ಯುವ ಮಿಲ್ಲಿಗೆ ಹೋಗುವುದಾಗಿ ಅವರು ನಿರ್ಧರಿಸಿದ್ದರು.

ಪೆಟ್ಟಿಗೆಗಳನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನ ಮೇಲೆ ಹೇರಿಕೊಂಡು ಮೌನೇಶಪ್ಪ ಬಂದರು. ಬಿಚ್ಚಿದಾಗ ನಾನು ಒಂದು ಗಳಿಗೆ ನೋಡುತ್ತ ನಿಂತೆ, ಅಷ್ಟು ಚೆಂದ. ಜೋಡಿ ಬಾಗಿಲಿನ ಎರಡು ಕದಗಳ ಹಾಗೆ ಒಂದಕ್ಕೆ ಒಂದು ಎದುರುಬದುರಾಗಿ ಮಾಡಿದ್ದರು. ‘ನೀವು ಹೊರಗ ಕುಂಡರ್ರಿ ಮೌನೇಶಣ್ಣ. ಮಾಡಿದಾಂವ ಎದುರಿಗಿದ್ರ ಮಂದಿ ಖರೇ ಹೇಳೂದಿಲ್ಲ’ ಅಂದೆ. ಇದು ನಾನೇ ಮಾಡಿಕೊಂಡ ಕಾಯಿದೆ. ಅವರು ಪಡಸಾಲೆಯ ಆಚೆ ಕಟ್ಟೆಯ ಮೇಲೆ ಕೂತರು.

ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದೆ. ಒಂದೊಂದು ತಿರುಪಿನ ಬಳಿ ಕೆಂಪು ಕಂಡಿತು. ಜೋಡಿಸಿದೆ. ಜೇಬಿನ ಸೀಮೆಸುಣ್ಣ ತೆಗೆದು ಗುರುತು ಹಾಕಿದೆ. ಎಲ್ಲ ಶಿಸ್ತು.

ಮೊದಲು ವಿಲಾಯತಿ ಹಚ್ಚಿದೆ. ಹಾಡು ತುಂಬಿಕೊಂಡಿತು, ತಬಲಾದ ಎಡಗೈ ಡಗ್ಗಾ ದುಮ್ ದುಮ್ ಎಂದು ಎದೆಗೆ ತಾಗಿತು. ಆಮೇಲೆ ಮೌನೇಶಪ್ಪನವರದು. ಡಗ್ಗಾ ಇಲ್ಲ! ಹಾಡುವವನ ದನಿ ತೆಳ್ಳಗಾಗಿ ಎಲ್ಲಿಂದಲೋ ಬರುತ್ತಿದೆ. ಸುಶೀಲಾ ವೈನಿ ಹುಬ್ಬು ಗಂಟಿಕ್ಕಿ, ‘ಡಗ್ಗಾ ಎಲ್ಲಿ ಹೋತ್ರಿ?’ ಅಂದರು. ಈರಪ್ಪಣ್ಣ, ‘ಹಾಡಾಕತ್ತಾನೋ ಹಿತ್ತಲದಾಗ ನಿಂತ ಕರ್ಯಾಕತ್ತಾನೋ?’ ಎಂದು ನಕ್ಕರು. ನಾನು? ನಾನು ಸಾಗವಾನಿ ಹಲಗೆಯ ದಪ್ಪದ ಮೇಲೆ ಭಾಷಣ ಮಾಡಿದೆ. ಹಳೇ ಕಟ್ಟಿಗೆ ದನಿ ಕುಡಿಯುತ್ತದೆ ಎಂದೆ. ‘ಇದು ಈ ಮನಿಗೆ ಸಾಲೂದಿಲ್ರಿ’ ಎಂದು ತೀರ್ಪು ಕೊಟ್ಟೆ. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಮೌನೇಶಪ್ಪ ಒಳಗೆ ಬಂದು ಕೇಳಿದ್ದು ಇಷ್ಟೇ: ‘ಏನ ಕಮ್ಮಿ ಆತು ತಮ್ಮಾ?’

‘ಡಗ್ಗಾ ಬರೂದಿಲ್ಲ ಮೌನೇಶಣ್ಣ.’

ಅವರು ಬೆರಳಗಂಟಿನಿಂದ ಪೆಟ್ಟಿಗೆಯನ್ನು ತಟ್ಟಿ ಕಿವಿ ಕೊಟ್ಟರು. ‘ಕಟ್ಟಿಗಿ ಹಂಗ ಹೇಳವಲ್ದಲ್ಲ’ ಎಂದು ತಮ್ಮಷ್ಟಕ್ಕೆ ಅಂದು ಕೌದಿ ಸುತ್ತತೊಡಗಿದರು. ಬಸ್‌ಸ್ಟ್ಯಾಂಡಿನಲ್ಲಿ ಮುಖ ನೋಡದೆ ಹೇಳಿದರು: ‘ಮುಂದಿನ ಸೋಮವಾರ ಸಂಜೀಕ ಯರಗಟ್ಟಿಯಂವ ಬಂದ ಹತಾರಾ ಒಯ್ತಾನ. ಮಿಲ್ಲಿನ್ಯಾಗ ಹತಾರಾ ಬೇಕಾಗೂದಿಲ್ಲ.’ ಉಳಿ, ಬಾಚಿ, ಕೀಸುಳಿ, ಅವರ ತಂದೆಯ ಕಾಲದವು. ನನಗೆ ಕೆಡುಕೆನಿಸಿತು. ಆದರೆ ನನ್ನ ಕಿವಿ ತಪ್ಪಿರಬಹುದು ಎಂದು ಮಾತ್ರ ಹೊಳೆಯಲಿಲ್ಲ.

ಆ ಶನಿವಾರ ಸಂಜೆ ನಮ್ಮವ್ವ ಅಂಗಳದಲ್ಲಿ ಅರಿವೆ ಒಗೆಯುತ್ತಿದ್ದವಳು ಅಂಗಿ ಎತ್ತಿ ಹಿಡಿದು ಕೂಗಿದಳು: ‘ಲೇ ಪರಸು, ತೋಳಿಗೆ ಇದೇನೋ? ಕುಂಕುಮಾ? ಯಾವ ಗುಡಿಗೆ ಹೋಗಿದ್ದಿ, ಖರೇ ಹೇಳ!’

ನಮ್ಮಪ್ಪ ದೀಕ್ಷೆ ತೆಗೆದುಕೊಂಡು ನಾವು ಬುದ್ಧನ ಕಡೆಯವರಾದದ್ದು ನಾನು ಕನ್ನಡ ಸಾಲಿಯಲ್ಲಿದ್ದಾಗ. ಅಂದಿನಿಂದ ಮನೆಯಲ್ಲಿ ಕುಂಕುಮದ ಬಟ್ಟಲೇ ಇಲ್ಲ. ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚುತ್ತೇವೆ, ಮುಗಿಯಿತು. ಅದಕ್ಕೇ ಅವ್ವನಿಗೆ ಗಾಬರಿ. ‘ಎಲ್ಲಿಗೂ ಹೋಗಿಲ್ಲಬೇ’ ಎಂದು ಅಂಗಿ ಕಸಿದುಕೊಂಡು ನೋಡಿದೆ. ಎಣ್ಣೆಯಲ್ಲಿ ಕಲಸಿದ ಕುಂಕುಮ. ರಾಮದುರ್ಗಕ್ಕೆ ಹಾಕಿಕೊಂಡು ಹೋದ ಅಂಗಿ. ಪೆಟ್ಟಿಗೆಯ ಹಿಂದೆ ಕೈಯಿಟ್ಟಾಗ ಹತ್ತಿದ್ದು.

ಅರಗು ಅಂಗಿಗೆ ಹತ್ತುವುದಿಲ್ಲ. ನಾನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಬೇರೆ ಯಾವ ಮನೆಯ ಹುಡುಗನಾದರೂ ಕಂಡ ಕೂಡಲೇ ‘ಓ, ಪೂಜಿ ಮಾಡ್ಯಾರ’ ಅನ್ನುತ್ತಿದ್ದ. ನನ್ನ ಕಣ್ಣಿಗೆ ಕೆಂಪೆಂದರೆ ಪ್ಲಸ್, ಬೇರೆ ಏನೂ ಅಲ್ಲ.

ಮರುದಿನ ಬೆಳಿಗ್ಗೆ ಮಾಸ್ತರರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಚಹಾದ ಬಸಿ ಕೆಳಗಿಟ್ಟರು.

‘ಸೆಲ್ ಹಚ್ಚಿ ನೋಡಿದ್ದೇನು?’

‘ಇಲ್ರಿ.’

ಟಾರ್ಚಿನ ಒಂದು ಸೆಲ್ಲನ್ನು ತಿರುಪುಗಳಿಗೆ ಮುಟ್ಟಿಸಿದರೆ ಸ್ಪೀಕರಿನ ಕಾಗದ ಮುಂದೆ ನೆಗೆಯುತ್ತದೋ ಹಿಂದೆ ಸರಿಯುತ್ತದೋ ಗೊತ್ತಾಗುತ್ತದೆ. ಮುಂದೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ ತಿರುಪೇ ಪ್ಲಸ್. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಅದನ್ನು ಅವರೇ ಕಲಿಸಿದ್ದರು.

‘ರಾಮದುರ್ಗಕ್ಕ ಹೋಗಿ ತಪ್ಪಾತು ಅಂದ್ರ ಅಂಗಡಿ ಹೆಸರ ಹೋಕ್ಕೈತ್ರಿ’ ಅಂದೆ. ನಿಜ ಹೇಳಬೇಕೆಂದರೆ ನನ್ನ ಹೆಸರು ಎಂದು ಮನಸ್ಸಿನಲ್ಲಿತ್ತು.

ಮಾಸ್ತರರು ಎದ್ದೇ ನಿಂತರು. ‘ಅಂಗಡಿ ಹೆಸರ ನಾ ನೋಡ್ಕೋತೇನಿ. ತಪ್ಪ ಮಾಡಿದ್ದಕ್ಕ ನಾ ಬೈಯ್ಯೂದಿಲ್ಲ ಪರಸು. ನಾಳೆ ಸೋಮವಾರ. ಸಿರಸಂಗಿ ಬಸ್ಸ ಹತ್ತೂದ ಬಿಟ್ಟ ಇಲ್ಲಿ ನನ್ನ ಮುಂದ ನಿಂತೀಯಲ್ಲ, ಅದಕ್ಕ ಬೈತೇನಿ. ನಡಿ!’

ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಸಿರಸಂಗಿ ಮುಟ್ಟಿದಾಗ ಮಧ್ಯಾಹ್ನ. ಹತಾರಗಳಿಗೆ ಎಣ್ಣೆ ಒರೆಸಿ, ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿಟ್ಟಿದ್ದರು. ಪೆಟ್ಟಿಗೆಗಳು ಕೌದಿಯೊಳಗೇ ಮೂಲೆಯಲ್ಲಿದ್ದವು. ನಾನು ಕೌದಿ ಬಿಚ್ಚಿ ಜೇಬಿನಿಂದ ಸೆಲ್ ತೆಗೆದೆ. ಅದರ ಪ್ಲಸ್ ತುದಿಯನ್ನು ಮೊದಲ ಪೆಟ್ಟಿಗೆಯ ಕುಂಕುಮದ ತಿರುಪಿಗೆ ಮುಟ್ಟಿಸಿದೆ, ಕಾಗದ ಮುಂದೆ ಬಂತು. ಎರಡನೆಯದಕ್ಕೆ ಮುಟ್ಟಿಸಿದೆ, ಹಿಂದೆ ಸರಿಯಿತು.

‘ನೀವು ಪ್ಲಸ್‌ಗೆ ಕೆಂಪ ಮಾಡಿರಲಿಲ್ಲೇನ್ರಿ ಮೌನೇಶಣ್ಣ?’

‘ಅರಗ ಇರಲಿಲ್ಲ. ಉಳಿಲೆ ಕಚ್ಚ ಹೊಡದೇನಲ್ಲ’ ಎಂದು ಬೆರಳಿಟ್ಟು ತೋರಿಸಿದರು. ಪ್ಲಸ್ ತಿರುಪಿನ ಪಕ್ಕ ಅಕ್ಕಿಕಾಳಿನಷ್ಟು ಸಣ್ಣ ಕಚ್ಚು. ಒಂದರಲ್ಲಿ ಬಲಗಡೆ, ಎದುರುಬದುರು ಮಾಡಿದ್ದರಿಂದ ಇನ್ನೊಂದರಲ್ಲಿ ಎಡಗಡೆ. ಕೊಟ್ಟಿಗೆಯಿಂದ ಹೊಸ ವಸ್ತು ಹೊರಬೀಳುವ ಮುಂಚೆ ಆ ಮನೆಯಲ್ಲಿ ಪೂಜೆ ಮಾಡುವುದು ಪದ್ಧತಿ. ಕಾಳವ್ವ ಪೆಟ್ಟಿಗೆಯ ಮುಂದೂ ಹಚ್ಚಿ, ಹಿಂದೆ ಹೊಳೆಯುವ ಹಿತ್ತಾಳೆ ಕಂಡು, ಎರಡರಲ್ಲೂ ಬಲಗಡೆಯ ತಿರುಪಿಗೆ ಕುಂಕುಮ ಇಟ್ಟಿದ್ದಳು. ಮುಂದಿನದನ್ನು ಕೌದಿ ಒರೆಸಿತ್ತು, ಹಿಂದಿನದು ಉಳಿದಿತ್ತು.

ಎಲ್ಲ ಬಿಡಿಸಿ ಹೇಳಿದೆ. ಕಾಳವ್ವ ಎದೆ ಎದೆ ಬಡಿದುಕೊಂಡಳು. ‘ಯವ್ವಾ! ನನ್ನ ಕೈಯ್ಯಾರೆ ನನ್ನ ಮಗನ ಅನ್ನಾ ಕಳದ್ನೇನೋ!’

‘ನಿಮ್ಮದಲ್ರೀ ಅವ್ವಾರ. ನೀವು ಪೂಜಿ ಮಾಡೀರಿ. ಹೌದೋ ಅಲ್ಲೋ ನೋಡೂದು ನನ್ನ ಕೆಲಸ ಇತ್ತು. ನಾ ನೋಡಲಿಲ್ಲ.’

ಮೌನೇಶಪ್ಪ ಆ ಕಚ್ಚಿನ ಮೇಲೆ ಬೆರಳಾಡಿಸಿದರು. ಆಮೇಲೆ ಅಂದರು: ‘ನಾಕೈದ ದಿನಾ ಈ ಕೈ ನೋಡ್ಕೋತ ಕುಂತೇನಿ ಪರಸು. ಇವಕ್ಕ ಏನಾತು ಅಂತ.’ ಅವರು ಬೈದಿದ್ದರೆ ಹಗುರಾಗುತ್ತಿದ್ದೆ. ರಾಮದುರ್ಗಕ್ಕೆ ಮತ್ತೆ ಹೋಗೋಣ ಅಂದರೆ ತಲೆ ಅಲ್ಲಾಡಿಸಿದರು. ‘ಸಾಕ ತಮ್ಮಾ. ಮತ್ತೊಮ್ಮೆ ಬ್ಯಾಡ ಅಂದ್ರ ನಾ ತಡಕೊಳ್ಳಾಂವಲ್ಲ.’

ಕಾಳವ್ವ ಕಣ್ಣು ಒರೆಸಿಕೊಂಡು ಮಗನಿಗೆ ಗದರಿದಳು: ‘ಬ್ಯಾಡ ಅಂದ್ರ ಅನ್ಲಿ. ಖರೇ ಕೇಳಿ ಬ್ಯಾಡ ಅನ್ಲಿ. ಹೋಗು!’

ರಾತ್ರಿ ನಾನು ಅವರ ಕೊಟ್ಟಿಗೆಯಲ್ಲೇ ಮಲಗಿದೆ, ಸೋಮವಾರ ಮೊದಲ ಬಸ್ಸಿಗೆ ಪೆಟ್ಟಿಗೆ ಹೇರಿಕೊಂಡು ಹೋದೆವು. ಈರಪ್ಪಣ್ಣನ ಪಡಸಾಲೆಯಲ್ಲಿ ವಿಲಾಯತಿ ಜೋಡಿಗೆ ಆಗಲೇ ಕ್ರೋಶಾದ ವಸ್ತ್ರ ಹೊದಿಸಿ ಹೂದಾನಿ ಇಟ್ಟಿದ್ದರು. ನಮ್ಮನ್ನು ಕಂಡು ಅವರ ಮುಖ ಗಂಟಾಯಿತು. ಬಾಗಿಲಲ್ಲೇ ನಿಂತು ಹೇಳಿದೆ: ‘ತಪ್ಪಾಗೈತ್ರಿ. ಪೆಟಗಿ ತಪ್ಪಲ್ಲ, ನಾ ಉಲ್ಟಾ ಜೋಡಿಸಿದ್ದೆ. ಇನ್ನೊಮ್ಮೆ ಕೇಳ್ರಿ.’

‘ನಿಮ್ಮದು ಅಂಗಡಿಯೋ ಸರ್ಕಸ್ ಕಂಪನಿಯೋ?’ ಎಂದು ಈರಪ್ಪಣ್ಣ ಸಿಡಿದರು. ‘ನಾಲ್ಕ ತಾಲೂಕಿನ್ಯಾಗ ನಿನ್ನ ಕಿವಿ ಕಿವಿ ಅಂತಾರಲ್ಲೋ, ಇದ ಏನ ಕಿವಿ?’

ತಲೆ ತಗ್ಗಿಸಿದ್ದೆ. ಒಳಗಿನಿಂದ ಸುಶೀಲಾ ವೈನಿ ಬಂದರು. ‘ತಪ್ಪ ಒಪ್ಕೊಂಡ ಅಷ್ಟ ದೂರದಿಂದ ಬಂದಾನ, ಅವನ ಮ್ಯಾಲ ಯಾಕ ಒದರತೀರಿ? ನೀವಂತೂ ಆವತ್ತ ಮುಂಬೈದು ಅಂತ ಹೇಳಿದ ಕೂಡ್ಲೆ ಮಾರಿ ಅರಳಿಸಿದ್ರಿ. ಈ ಸಲ ಯಾವುದು ಯಾವುದಂತ ನನಗೂ ಗೊತ್ತಾಗಬಾರದು, ನಿಮಗೂ ಗೊತ್ತಾಗಬಾರದು.’ ಒಳಗೆ ಹೋಗಿ ಇಳಕಲ್ ಸೀರೆಯೊಂದನ್ನು ತಂದು, ಕಂಬದಿಂದ ಕಂಬಕ್ಕೆ ಕಟ್ಟಿದರು. ನಾಲ್ಕೂ ಪೆಟ್ಟಿಗೆ ಅದರ ಹಿಂದೆ. ಮೌನೇಶಪ್ಪ ತಾವಾಗಿಯೇ ಕಟ್ಟೆಯ ಕಡೆ ಹೊರಟಿದ್ದರು. ‘ನೀವ್ಯಾಕ ಹೊರಗ? ಒಳಗ ಬಂದ ಕುಂಡರ್ರಿ’ ಎಂದು ವೈನಿ ಚಾಪೆ ತೋರಿಸಿದರು. ತಾವು ಮಾಡಿದ ಪೆಟ್ಟಿಗೆಯಲ್ಲಿ ಹಾಡು ಹೇಗಿರುತ್ತದೆ ಎಂದು ಆ ಮನುಷ್ಯ ಅಲ್ಲಿಯವರೆಗೆ ಕೂತು ಕೇಳಿಯೇ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಆ ಕಾಯಿದೆಯನ್ನು ಅಂದೇ ಬಿಟ್ಟೆ. ಬಟ್ಟೆ ಕಟ್ಟಿ ತಾಳೆ ನೋಡುವ ಕ್ರಮವನ್ನು ವೈನಿಯಿಂದ ಕಲಿತೆ, ಕೊನೆಯವರೆಗೂ ಬಿಡಲಿಲ್ಲ.

ಸೆಲ್ ಮುಟ್ಟಿಸಿದೆ. ಮತ್ತೊಮ್ಮೆ ಮುಟ್ಟಿಸಿದೆ. ಸೀಮೆಸುಣ್ಣದ ಗುರುತು ಸರಿಮಾಡಿ ತಟ್ಟೆ ಹಚ್ಚಿದೆ. ಒಂದು ಜೋಡಿ, ಆಮೇಲೆ ಇನ್ನೊಂದು. ವೈನಿ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ‘ಮತ್ತೊಮ್ಮೆ ಮೊದಲನೇದು’ ಅಂದರು. ಹಚ್ಚಿದೆ. ‘ಎರಡನೇದು.’ ಹಚ್ಚಿದೆ. ಎರಡನೆಯದರಲ್ಲಿ ಡಗ್ಗಾ ದುಂಡಗೆ ಬಿತ್ತು. ಹಾಡುವವನು ಸೀರೆಯ ಆಚೆಯೇ ಕೂತಂತೆ ಇತ್ತು. ತಂಬೂರಿಯ ಸಣ್ಣ ತಂತಿ ಮಾತ್ರ ಮೊದಲನೆಯದರಲ್ಲೇ ಹೆಚ್ಚು ನುಣುಪು, ಅದನ್ನು ಮುಚ್ಚಿಡುವುದಿಲ್ಲ.

ತಟ್ಟೆ ನಿಂತ ಮೇಲೆ ವೈನಿ ಹೇಳಿದರು: ‘ಮೊದಲನೇದು ಭಾಳ ಛಂದ ಐತಿ. ಎರಡನೇದರಾಗ ಹಾಡಾಂವ ನಮ್ಮ ಮನಿಗೆ ಬಂದಾನ. ನನಗ ಎರಡನೇದು ಇರಲಿ.’

‘ನಾನೂ ಅದನ್ನ ಅನ್ನಾಂವಿದ್ದೆ’ ಅಂದರು ಈರಪ್ಪಣ್ಣ. ‘ಮುಂಬೈ ಮಾಲ ಎಷ್ಟಂದ್ರೂ ಮುಂಬೈ ಮಾಲ!’

ಸೀರೆಯ ಗಂಟು ಬಿಚ್ಚಿದೆ. ತಂತಿ ಮೌನೇಶಪ್ಪನವರ ಪೆಟ್ಟಿಗೆಯಲ್ಲಿ ಇರುವುದನ್ನು ಎಲ್ಲರೂ ನೋಡಿದರು. ಈರಪ್ಪಣ್ಣ ಎರಡು ಸಲ ನೋಡಿ, ತೊಡೆ ತಟ್ಟಿ, ‘ಅಯ್ಯೋ, ನಾ ಸುಮ್ಮನ ಮುಂಬೈತನಾ ಹೋಗಿ ಬಂದೆನಲ್ಲಪಾ!’ ಎಂದು ನಕ್ಕರು. ವೈನಿಯೂ ನಕ್ಕರು. ಮೌನೇಶಪ್ಪ ನಗಲಿಲ್ಲ. ಅವರು ಪೆಟ್ಟಿಗೆಯನ್ನೂ ನೋಡುತ್ತಿರಲಿಲ್ಲ, ಬಾಗಿಲಾಚೆಯ ಬಿಸಿಲು ನೋಡುತ್ತಿದ್ದರು.

‘ಬಸ್ಸ ಎಷ್ಟಕ್ಕೈತ್ರಿ?’ ಅಂದರು. ‘ಯರಗಟ್ಟಿಯಂವ ಬರೂದ್ರೊಳಗ ಮನಿ ಮುಟ್ಟಬೇಕು. ಅವ್ವ ಒಬ್ಬಾಕಿ ಅದಾಳ. ಮಾತ ಕೊಟ್ಟೇವಿ ಅಂತ ಚೀಲಾ ಕೊಟ್ಟಬಿಟ್ಟಾಳು.’

ಏನು ಎತ್ತ ಎಂದು ಈರಪ್ಪಣ್ಣನಿಗೆ ನಾನೇ ಹೇಳಬೇಕಾಯಿತು. ಕೇಳಿದ ಕೂಡಲೇ ಅವರ ನಗೆ ನಿಂತಿತು. ‘ಬಸ್ಸ ಏನ ಕಾಯ್ತೀರಿ, ಜೀಪ ಹತ್ರಿ’ ಎಂದು ಡ್ರೈವರನನ್ನು ಕೂಗಿದರು. ಬೆಳಿಗ್ಗೆ ನನ್ನ ಮೇಲೆ ಒದರಿದ ಬಾಯಿ ಅದು. ಆ ಉಪಕಾರವನ್ನು ಹೇಗೆ ಮರೆಯಲಿ?

ದಾರಿಯುದ್ದಕ್ಕೂ ಮೌನೇಶಪ್ಪ ಮುಂದಿನ ಕಂಬಿ ಹಿಡಿದು ಕೂತಿದ್ದರು. ಸಿರಸಂಗಿ ಮುಟ್ಟಿದಾಗ ಹೊತ್ತು ಇಳಿದಿತ್ತು. ಅವರ ಅಂಗಳದಲ್ಲಿ ಒಬ್ಬ ಮನುಷ್ಯ ಸೈಕಲ್ ಹಿಡಿದುಕೊಂಡು ನಿಂತಿದ್ದ, ಯರಗಟ್ಟಿಯವನು. ಕಾಳವ್ವ ಹತಾರದ ಚೀಲದ ಮೇಲೆ ಕಾಲು ಮಡಚಿಕೊಂಡು ಕೂತಿದ್ದಳು.

‘ನೋಡ್ರಿ ಬಡಿಗ್ಯಾರ’ ಎಂದು ಅವನು ಗೋಳಾಡಿದ, ‘ನಾ ಬಂದ ಎರಡ ತಾಸ ಆತು. ನಿಮ್ಮವ್ವ ಏಳವಲ್ಲಳು. ನನ್ನ ಎತ್ತಿ ಒಗದ ಚೀಲಾ ಒಯ್ಯಿ ಅಂತಾಳ!’

ಕಾಳವ್ವ ಅವನ ಕಡೆ ನೋಡಲೇ ಇಲ್ಲ. ಮಗನ ಮುಖ ನೋಡಿದಳು. ‘ಡಗ್ಗಾ ಕೇಳಿಸ್ತೇನೋ?’

‘ಕೇಳಿಸ್ತಬೇ’ ಅನ್ನುವಷ್ಟರಲ್ಲಿ ಮೌನೇಶಪ್ಪನವರ ದನಿ ಒಡೆಯಿತು.

‘ಹಂಗಾರ ನೀ ಹೋಗ್ಬಾ ತಮ್ಮಾ’ ಎಂದಳು ಯರಗಟ್ಟಿಯವನಿಗೆ. ಆಮೇಲೆ ನಮ್ಮ ಕಡೆ ತಿರುಗಿ ಎರಡೂ ಕೈ ಮುಂದೆ ಚಾಚಿದಳು. ‘ಎಬ್ಬಸ್ರೋ, ಮಣಕಾಲ ಹಿಡದ ಬಿಟ್ಟಾವು.’

ಒಂದು ಕೈಯನ್ನು ಮಗ ಹಿಡಿದ. ಇನ್ನೊಂದು ನನ್ನ ಕಡೆಗಿತ್ತು. ನಾನು ಹಿಂದೆ ಮುಂದೆ ನೋಡುತ್ತ ನಿಂತೆ.

‘ಏನ ನೋಡ್ತಿಯೋ ಪರಸು’ ಎಂದು ಗದರಿದಳು, ‘ಹಿಡಿ!’

ಹಿಡಿದೆ.